ತೊಟ್ಟಿಲಿಗೊಂದು ಕುದುರೆ

ಟಿ. ದಾಸರಹಳ್ಳಿ
೧೦ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ವಿನಾಯಕನಿಗೆ,

ನೀನು, ಬಿಂದು, ಇನ್ನೂ ಹೆಸರಿಲ್ಲದ ನನ್ನ ಸೋದರಳಿಯ ಮೂವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಾನು ಏನು ಬರೆದರೂ ನೀನು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ನಿನ್ನನ್ನು ಎಂಜಿನಿಯರಿಂಗ್ ಓದಿಸಿದ್ದು ಹೆಬ್ಬೆಟ್ಟು ಒತ್ತುವುದಕ್ಕೇನೋ? ಅದಕ್ಕೇ ಈ ಕಾಗದ.

"ಅಕ್ಕಾ, ಅಶ್ವಿನಿ ನಕ್ಷತ್ರ ಕಣೇ. ಕುದುರೆ ಇರೋ ಹೆಸರು ಹುಡುಕು. ತೊಟ್ಟಿಲಲ್ಲಿ ಕೂಗೋಳೂ ನೀನೇ ತಾನೆ?" ಅಂದಿದ್ದೆ ನೀನು. ಭಾಷಾವಿಜ್ಞಾನ ಓದಿ ಪೀಣ್ಯದಲ್ಲಿ ಪಂಪುಗಳ ಕೈಪಿಡಿ ಬರೆಯುವವಳಿಗೆ ಇದಕ್ಕಿಂತ ಹಬ್ಬ ಬೇಕೆ? ದಿನವಿಡೀ ಐದು ಎಚ್‌ಪಿ, ಏಳೂವರೆ ಎಚ್‌ಪಿ ಎಂದು ಬಾಲವಿಲ್ಲದ ಕುದುರೆಗಳನ್ನೇ ಮೇಯಿಸುವವಳು ನಾನು. ಜೀವ ಇರುವ ಕುದುರೆ ಸಿಕ್ಕಿತೆಂದು ಹಿಂದೆಯೇ ಓಡಿದೆ.

ನಮ್ಮ ವೇದದಲ್ಲಿ ಅಶ್ವ, ಇರಾನಿನ ಅವೆಸ್ತಾದಲ್ಲಿ ಅಸ್ಪ, ಹಳೆಯ ಪರ್ಷಿಯನ್ನಿನಲ್ಲಿ ಅಸ, ಈಗಿನದರಲ್ಲಿ ಅಸ್ಬ್. ಎಲ್ಲವೂ ಒಂದೇ ಬಳ್ಳಿಯವು. ಮೂಲದ ಮಾತನ್ನು ಮಾತ್ರ ಯಾರೂ ಬರೆದಿಡಲಿಲ್ಲ; ಮಕ್ಕಳ ಮೂಗು, ಕಣ್ಣು ನೋಡಿ ತಾಯಿಯ ಮುಖ ಊಹಿಸಬೇಕು. ನಮ್ಮ 'ಕುದುರೆ' ಆ ಲಾಯದ್ದೇ ಅಲ್ಲ. ಹಿಂದಿಯ ಘೋಡಾ ಎಲ್ಲಿಂದ ಓಡಿಬಂತೋ, ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ.

ನಾನು ಆರಿಸಿದ್ದು ಶ್ಯಾವಾಶ್ವ. ಋಗ್ವೇದದ ಋಷಿಯ ಹೆಸರು, ಕಪ್ಪು ಕುದುರೆಗಳವನು ಎಂದರ್ಥ. ಅಮ್ಮ ಕೇಳಿದ್ದೇ ತಡ, "ಕೂಸು ಮೊದ್ಲ ನಮ್ಮಪ್ಪನಂಗ ಕರ್ರಗ ಐತಿ, ಹೆಸರಿಗೂ ಕರಿ ಬಳೀತಿ ಏನ?" ಅಂದಳು.

"ಹಂಗಾರ ಅಸ್ಪ ಅಂತ ಏನರ ಸೇರ್ಸೋಣೇನು?"

"ಅಸ್ಪ ಅಂದ್ರ ಆಸ್ಪತ್ರಿ ನೆನಪಾಕ್ಕತಿ. ಸುಮ್ನಿರು!"

ಅಸ್ಪಕ್ಕೆ ಆಸ್ಪದವೇ ಇಲ್ಲ.

ಹೊಟ್ಟೆ ಉರಿಸಿದ್ದು ನಿನ್ನ ಮಾವ ಚನಬಸಪ್ಪನವರು. "ಇರಾನಿನೋರಿಗೆ ನಾಲಿಗಿ ಹೊಳ್ಳಲಿಲ್ಲ, ನಮ್ಮ ಅಶ್ವ ಕೆಟ್ಟು ಅಸ್ಪ ಆತು. ಅಷ್ಟ!" ಎಂದು ಗುಂಪಿನಲ್ಲಿ ತೀರ್ಪು ಕೊಟ್ಟರು. "ಇಲ್ರೀ, ಎರಡೂ ಅಕ್ಕ-ತಂಗಿ ಇದ್ದಂಗ. ತಂಗಿ ಎಲ್ಲ್ಯರ ಅಕ್ಕನ ಮಗಳಾಗ್ತಾಳೇನ್ರೀ?" ಎಂದೆ. "ನೀವು ನಿಮ್ಮ ಪಂಪ್ ನೋಡ್ಕೊಳ್ರೀ ತಂಗಿ" ಎಂದರು. ನಗುವ ಮುಖಗಳು ಸಾಲುಗಟ್ಟಿದವು. ಒಂದು ನಿನ್ನದು.

ಕೊನೆಗೆ ಯಾವುದೋ ಆ್ಯಪ್ ಉದುರಿಸಿದ 'ಅಶ್ವಿಕ್' ಗೆದ್ದಿತು. ಕುದುರೆಗೆ ಬಿಕ್ಕಳಿಕೆ ಬಂದಂತಿದೆ ಕಣೋ! ಅದಕ್ಕೊಂದು ಧಾತು ಬೇಡವೆ, ಪ್ರತ್ಯಯ ಬೇಡವೆ? ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್‌ನ ಬಾಗಿಲಿಗೆ ಆ ಹೆಸರಿನ ಬ್ಯಾನರೂ ಅಚ್ಚಾಗಿದೆಯಂತೆ. ಹೆಸರು ಮೊದಲು ಮಗುವಿನ ಕಿವಿಗೆ ಬೀಳಬೇಕೋ, ಎಲೆಕ್ಟ್ರಾನಿಕ್ ಸಿಟಿಯ ಫ್ಲೆಕ್ಸ್ ಅಂಗಡಿಗೋ? ಭಾನುವಾರ ತೊಟ್ಟಿಲಿಗೆ ಹಾಕುವುದರೊಳಗೆ ಇನ್ನೊಮ್ಮೆ ಯೋಚಿಸು.

ಕೂಸಿಗೆ ನಿದ್ದೆ, ಬಾಣಂತಿಗೆ ಬಿಸಿಯೂಟ, ನಿನಗೆ ಬುದ್ಧಿ ದಂಡಿಯಾಗಿ ಸಿಗಲೆಂದು ಹರಸುವ

ನಿನ್ನ ಅಕ್ಕ,
ಕಾವ್ಯಾ

ತಾ.ಕ.: ನಿನ್ನೆ ಅಮ್ಮ ಫೋನ್ ಮಾಡಿದ್ದಳು. "ಹೆಸರು ವೇಣಿ ಕೂಗ್ಲಿ. ಚಿಕ್ಕಪ್ಪನ ಮಗಳು ಅಂದ್ರ ಆಕಿನೂ ಸೋದರತ್ತೀನ. ನೀ ಗಂಡನ್ನ ಬಿಟ್ಟಾಕಿ, ತೊಟ್ಟಿಲ ಮುಂದ ಬ್ಯಾಡವ್ವಾ, ಮಂದಿ ಆಡ್ಕೊಂತಾರ. ವಿನಾಯಕನೂ ಹ್ಞೂಂ ಅಂದಾನ" ಎಂದಳು. ಅಶ್ವ, ಅಸ್ಪ ಎಲ್ಲ ಹಾಳಾಗಿ ಹೋಗಲಿ. ಅಶ್ವಿಕ್ ಎಂದೇ ಕೂಗುತ್ತೇನೆ, ಬಾಯ್ತುಂಬ ಕೂಗುತ್ತೇನೆ. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಸೇರಿ ಗುದ್ದುತ್ತಾರಲ್ಲ, ಆ ಗುದ್ದು ನನಗೇ ಬೀಳಬೇಕು ಕಣೋ. ನೀನು ನಿಜವಾಗಿಯೂ ಹ್ಞೂಂ ಅಂದೆಯಾ?