ಹತ್ತಕ್ಕೆ ಒಂಬತ್ತು ಅಂಕದ ಓಣಿ

ಜಲನಗರ, ವಿಜಯಪುರ
೨೨ ಜೂನ್ ೨೦೨೫, ರವಿವಾರ

ಲೇ ಧರ್ಮಾ,

ನಮಸ್ಕಾರ ಅಂತ ಬರೆದರೆ ನೀನು ನಗುತ್ತೀ, ಆಶೀರ್ವಾದ ಮಾಡೋಣವೆಂದರೆ ನಿನಗಿಂತ ಎರಡು ತಿಂಗಳಿಗೆ ಸಣ್ಣವ. ಆದ್ದರಿಂದ ಬರೀ ‘ಹೆಂಗದೀಲೇ’ ಎಂದು ಶುರು ಮಾಡುತ್ತೇನೆ. ಸೀತವ್ವ ವೈನಿಯ ಮೊಣಕಾಲು ಹೇಗಿದೆ? ಮಗಳು ಫಿಜಿಯೋಥೆರಪಿಸ್ಟ್ ಆಗಿ ಊರ ಮಂದಿಯ ಕೀಲು ಸಡಿಲು ಮಾಡುತ್ತಾಳೆ, ಅವ್ವ ಮಾತ್ರ ಎಣ್ಣೆ ತಿಕ್ಕಿಕೊಂಡು ಕೂತಿರುತ್ತಾಳೆ ಅಂತ ನಿನ್ನ ಮಗಳು ಆಮ್ರಪಾಲಿಯೇ ಹೇಳಿ ನಕ್ಕಳು.

ಇಪ್ಪತ್ತು ದಿನದಿಂದ ನೀನು ಫೋನು ಮಾಡಿದಾಗಲೆಲ್ಲ ‘ನೋಡಾಕತ್ತೇನಿ, ತಡಿ’ ಎಂದು ಮುಂದೆ ತಳ್ಳಿದೆ, ತಪ್ಪಾಯ್ತು. ನಿನ್ನೆ ನೀನು ‘ಸುಶೀಲ್ಯಾ, ಸೊಲ್ಲಾಪುರ ರಸ್ತೇದಾಗ ಖೋಲಿ ಭಾಳ ಚೊಲೋದು ನೋಡಿಕೊಟ್ಟೀ ಅಂತಲೇ, ಹುಡುಗಿ ಹೇಳಿದ್ಲು’ ಎಂದಾಗ, ‘ಹೂಂ ಹೂಂ, ಕುಕ್ಕರ್ ಸೀಟಿ ಹೊಡೀತು’ ಎಂದು ಫೋನಿಟ್ಟೆನಲ್ಲ, ಆಗ ಒಲೆಯ ಮೇಲೆ ಕುಕ್ಕರ್ ಇರಲೇ ಇಲ್ಲ. ಆ ಖೋಲಿಯನ್ನು ನಾನು ನೋಡಿಕೊಟ್ಟಿಲ್ಲ. ನಾನು ಅದನ್ನು ನಪಾಸು ಮಾಡಿದ್ದೆ. ಇದನ್ನು ಹೇಳಲು ಬಾಯಿ ಏಳಲಿಲ್ಲ, ಅದಕ್ಕೇ ಕೈಗೆ ಕೆಲಸ ಹಚ್ಚಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನೀನು ಕೇಳಿದ್ದು ಒಂದೇ ಮಾತು: ‘ಹುಡುಗಿ ಕ್ಲಿನಿಕ್ ಮುಗಿಸಿ ಎಂಟೂವರೆಗೆ ಒಬ್ಬಾಕೀನ ಹೊರಡ್ತಾಳ. ದಿನಾ ಬಬಲೇಶ್ವರಕ್ಕ ಬಸ್ ಹಿಡದು ಬರೂದು ಆಗವಲ್ದು. ಎಂಥಾ ಓಣ್ಯಾಗ ಇದ್ರ ಅಂಜಿಕಿ ಇಲ್ಲ, ನೀ ನೋಡಿ ಹೇಳು.’ ಕಾಲೇಜಿನಲ್ಲಿ ಮೂವತ್ತು ವರ್ಷ ಪೇಪರು ತಿದ್ದಿದ ಕೈ ನನ್ನದು. ಕಂಡದ್ದಕ್ಕೆಲ್ಲ ಅಂಕ ಹಾಕದಿದ್ದರೆ ಅನ್ನ ಇಳಿಯುವುದಿಲ್ಲ. ಒಂದು ಹಳೇ ಡೈರಿ ತೊಗೊಂಡು, ಸ್ಕೂಟರ್ ಏರಿ, ಓಣಿಗಳಿಗೆ ಅಂಕ ಹಾಕಲು ಹೊರಟೆ. ಈ ಬಿಸಿಲಿನಲ್ಲಿ ಬಾಡಿಗೆ ಮನೆ ಹುಡುಕಿ ಹುಡುಕಿ ನಾನೇ ಬಾಡಿಹೋದೆನಪ್ಪಾ.

ನನ್ನ ಪರೀಕ್ಷೆಗಳು ಎರಡು. ಬೆಳಿಗ್ಗೆ ಆರಕ್ಕೆ ಹೋಗಿ, ಗೇಟಿಗೆ ತೂಗುಹಾಕಿದ ಚೀಲದಲ್ಲಿ ಹಾಲಿನ ಪಾಕೀಟು ಇದೆಯೋ ನೋಡುವುದು. ಹಾಲು ಏಳು ಗಂಟೆತನಕ ಉಳಿದರೆ ಓಣಿಯ ಹಾಲತ್ ಚೊಲೋ. ಸಂಜೆ ಎಂಟೂವರೆಗೆ ಮತ್ತೆ ಹೋಗಿ, ಸ್ಕೂಟಿ ಮೇಲೆ ಬರುವ ಹೆಣ್ಣುಮಗಳು ಓಣಿ ಹೊಕ್ಕ ಕೂಡಲೆ ವೇಗ ಏರಿಸುತ್ತಾಳೋ ಇಳಿಸುತ್ತಾಳೋ ಗಮನಿಸುವುದು. ಇಳಿಸಿದರೆ ಪಾಸು. ಮೂರನೆಯ ದಿನ ನಮ್ಮ ಹಿಂದಿನ ಓಣಿಯಲ್ಲಿ ಪರಸವ್ವ ಎಂಬಾಕೆ ಕಸಬರಿಗೆ ಹಿಡಿದು ಎದುರು ನಿಂತಳು. ‘ಏನ್ರೀ ಯಜಮಾನ್ರ, ದಿನಾ ಬಂದು ಮಂದಿ ಹಾಲಿನ ಚೀಲದಾಗ ಇಣಿಕಿ ಹಾಕ್ತೀರಿ? ಪೊಲೀಸರಿಗೆ ಫೋನ್ ಹಚ್ಚಬೇಕೇನು?’ ಆ ಓಣಿಗೆ ಅಲ್ಲೇ ನಿಂತು ಒಂದು ಅಂಕ ಹೆಚ್ಚು ಕೊಟ್ಟೆ.

ಸ್ಟೇಷನ್ ರಸ್ತೆಗೆ ಐದು ಹಾಕಿದೆ, ಅಲ್ಲಿ ಅಂಗಡಿ ಮುಚ್ಚಿದ ಮೇಲೆ ಮನುಷ್ಯರೂ ಮುಚ್ಚಿಕೊಳ್ಳುತ್ತಾರೆ. ಸೊಲ್ಲಾಪುರ ರಸ್ತೆಯಲ್ಲಿ ಅಕೀಬ ಎಂಬುವನ ವೆಲ್ಡಿಂಗ್ ಶಾಪ್ ಇದೆ, ಅದರ ಮೇಲೊಂದು ಖೋಲಿ. ಕೆಳಗೆ ಕಿಡಿ, ಎದುರಿಗೆ ಲಾರಿ, ಆಚೆಗೊಂದು ಉರಿಯದ ಬೀದಿದೀಪ. ಹತ್ತಕ್ಕೆ ನಾಲ್ಕು. ಹಾಲಿನ ಪಾಕೀಟು ಹುಡುಕುವ ತ್ರಾಸನ್ನೂ ತೊಗೊಳ್ಳಲಿಲ್ಲ. ಪರಸವ್ವನ ಓಣಿಯಲ್ಲೇ ತುಳಸಾಬಾಯಿ ಎಂಬುವರ ಮಹಡಿಯ ಖೋಲಿ ಖಾಲಿ ಇತ್ತು. ದೀಪ, ಕ್ಲಿನಿಕ್, ಸಾಲಿ, ಆಟೋ ಎಲ್ಲ ಕೂಗಳತೆಯಲ್ಲಿ. ನೀರು ಬಂದ ದಿನ ಜಲನಗರ, ಬಾರದ ದಿನ ಬರೀ ನಗರ, ಅದಕ್ಕೊಂದು ಅಂಕ ಕಳೆದು ಒಂಬತ್ತು ಹಾಕಿದೆ. ಹೋದ ರವಿವಾರ ಆಮ್ರಪಾಲಿಯನ್ನು ಕರಕೊಂಡು ಹೋದೆ.

ತುಳಸಾಬಾಯಿ ಎಪ್ಪತ್ತರ ಮುತ್ತೈದೆ. ಹುಡುಗಿಯನ್ನು ನೋಡಿ ಖುಷಿಯಾದರು. ‘ಬಾರವ್ವಾ, ಕೂಡು. ಇವರ ಸೊಂಟಕ್ಕ ಏನಾರ ವ್ಯಾಯಾಮ ಹೇಳಿಕೊಡ್ತೀಯೇನು?’ ಎಂದು ಗಂಡನನ್ನು ತೋರಿಸಿದರು. ಆತ ಕುರ್ಚಿಯಿಂದಲೇ ‘ಸೊಂಟ ನಂದು, ನೋವು ಆಕೀದು’ ಎಂದರು. ಎಲ್ಲ ನಕ್ಕೆವು. ಮೇಲಿನ ಖೋಲಿ ತೋರಿಸಿದರು, ಗಾಳಿ ಬೆಳಕು ಚೊಲೋ ಇತ್ತು. ಕೆಳಗೆ ಬಂದು, ಕುಂಕುಮ ತರಲು ಒಳಗೆ ಹೋಗುತ್ತ, ಬಾಗಿಲಲ್ಲಿ ನಿಂತು ಕೇಳಿದರು: ‘ಅಡ್ಡಹೆಸರೇನವ್ವಾ?’

‘ಹೊಸಮನಿ’ ಎಂದಳು.

‘ಹೊಸಮನಿ ಅಂದ್ರ? ಯಾವ ಹೊಸಮನಿಯವ್ರು? ಭಾಳ ಮಂದಿ ಇದ್ದಾರಲ್ಲ.’

ಹೊಸಮನಿಯವರಿಗೆ ಹೊಸ ಮನಿ ಸಿಗುವ ಹೊತ್ತಿಗೆ ಅಡ್ಡಹೆಸರು ಅಡ್ಡ ಬಂತು ನೋಡು. ಆಮ್ರಪಾಲಿ ಬಾಯಿ ತೆರೆಯುವುದರೊಳಗೆ ನಾನು ಹಾರಿಬಿದ್ದೆ. ‘ನಮ್ಮ ಪೈಕೀನ ಅದಾರ ಬಾಯಾರ, ನಮ್ಮ ಮನಿ ಹುಡುಗಿ’ ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಹುಡುಗಿಗೆ ಸುರಕ್ಷಿತ ಖೋಲಿ ಕೊಡಿಸುವ ಅವಸರದಲ್ಲಿ ಅವಳ ಅಪ್ಪನನ್ನೇ ಅಳಿಸಿಹಾಕಿದೆ.

ಅವಳು ನನ್ನ ಕಡೆ ನೋಡಲಿಲ್ಲ. ಮೆಲ್ಲಗೆ, ರೋಗಿಗೆ ಕಾಲು ಚಾಚಲು ಹೇಳುವ ದನಿಯಲ್ಲಿ ಹೇಳಿದಳು: ‘ಇಲ್ರೀ ಅಜ್ಜಿ. ಬಬಲೇಶ್ವರದ ಧರ್ಮರಾಜ ಹೊಸಮನಿ ಮಾಸ್ತರ್ ಅವರ ಮಗಳು ನಾನು. ನಾವು ಬೌದ್ಧರು. ಕಾಕಾ ಕಕ್ಕುಲಾತಿಲೆ ಹಂಗಂದ್ರು.’

ತುಳಸಾಬಾಯಿ ಕೆಟ್ಟವರಲ್ಲ, ಧರ್ಮಾ. ಒಂದು ಮಾತು ಬಿರುಸಾಗಿ ಆಡಲಿಲ್ಲ. ಒಳಗೆ ಹೋದರು, ಹೊರಗೆ ಬಂದಾಗ ಕೈಯಲ್ಲಿ ಕುಂಕುಮದ ಬಟ್ಟಲು ಇರಲಿಲ್ಲ. ‘ನಮಗೇನೂ ಇಲ್ಲವ್ವಾ. ಮಗ ಬರ್ತೀನಿ ಅಂದಾನ, ಖೋಲಿ ಬೇಕಾಗ್ತದೇನೋ. ಕೇಳಿ ಹೇಳ್ತೀನಿ’ ಎಂದರು. ಅವರ ಗಂಡ ಪೇಪರು ಎತ್ತಿ ಮುಖಕ್ಕೆ ಹಿಡಿದುಕೊಂಡರು.

ಹೊರಗೆ ಬಂದು ಸ್ಕೂಟರಿಗೆ ನಾಕು ಸಲ ಕಿಕ್ ಹೊಡೆದೆ, ಹತ್ತಲಿಲ್ಲ. ಆಮ್ರಪಾಲಿ ಹಿಂದೆ ನಿಂತು ಹೇಳಿದಳು: ‘ಕಾಕಾ, ಓಣಿ ಚೊಲೋನ ಅದ. ಇಲ್ಲಿ ಕಳ್ಳರಿಗೆ ಅಂಜಬೇಕಾಗಿಲ್ಲ. ಆದ್ರ ದಿನಾ ಹೆಸರು ನುಂಗಿ ಮೆಟ್ಟಲಾ ಹತ್ತಬೇಕಂದ್ರ ನನಗ ಆಗೂದಿಲ್ರಿ.’ ಆಮೇಲೆ ನನ್ನ ಡೈರಿ ಕೇಳಿ ತೊಗೊಂಡು ಹಾಳೆ ತಿರುವಿದಳು. ‘ನಾಲ್ಕು ಅಂಕದ್ದು ಎಲ್ಲೈತ್ರಿ? ಅದನ್ನ ತೋರಸ್ರಿ.’

ಅಕೀಬ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಎರಡೇ ಪ್ರಶ್ನೆ ಕೇಳಿದ: ‘ನೀರಿನ ಮೋಟಾರ್ ಚಾಲೂ ಮಾಡಾಕ ಬರ್ತದೇನ್ರಿ ಅಕ್ಕಾರ? ಅಪ್ಪಾರ ಫೋನ್ ನಂಬರ್ ಕೊಟ್ಟಿರ್ರಿ, ಏನಾರ ಆದ್ರ ಹೇಳಾಕ.’ ಹಿಂದಿನ ಮನೆಯಿಂದ ಅವನ ಅವ್ವ ಬಂದು, ಮಷೀನಿನ ಸಪ್ಪಳಕ್ಕೆ ತಲಿ ನೋಯ್ತದ, ಮೊದಲೇ ಹೇಳೇನಿ ಎಂದಳು. ಆಮ್ರಪಾಲಿ ಅಲ್ಲೇ ಮುಂಗಡ ಕೊಟ್ಟಳು.

ದಾರಿಯಲ್ಲಿ ಹೇಳಿದ ಮಾತು ಇದು: ‘ಕಾಕಾ, ಜಲನಗರದ ಸುದ್ದಿ ಅಪ್ಪಗ ಹೇಳಬ್ಯಾಡ್ರಿ. ನಿಮ್ಮನ್ನ ಭಾಳ ನಂಬ್ಯಾನ. ಈ ಖೋಲಿ ನೀವ ಹುಡಿಕಿಕೊಟ್ರಿ ಅಂತೇನಿ.’ ನನ್ನ ಮಾನ ಉಳಿಸಲು ನಿನ್ನ ಮಗಳು ಸುಳ್ಳು ಹೇಳಿದಳು. ನಾನು ಹೇಳಿದ ಸುಳ್ಳಿಗೂ ಅವಳದಕ್ಕೂ ಇರುವ ಅಂತರ ನೋಡು.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಸೊಲ್ಲಾಪುರ ರಸ್ತೆ ಪುಣ್ಯಕ್ಷೇತ್ರವೇನಲ್ಲ. ಆ ಬೀದಿದೀಪ ಇನ್ನೂ ಉರಿಯುತ್ತಿಲ್ಲ, ಅರ್ಜಿ ಕೊಟ್ಟು ಬಂದಿದ್ದೇನೆ. ಲಾರಿಗಳ ನಡುವೆ ನಡೆಯುವಾಗ ಅಂಜಿಕೆ ಅಂಜಿಕೆಯೇ. ಶನಿವಾರ ಅಲ್ಲಿ ಕುಡುಕರು ಕೂಡುತ್ತಾರೆ, ಶನಿವಾರ ಬೇಗ ಹೊರಡು ಎಂದು ನೀನೇ ಹೇಳು, ನನ್ನ ಮಾತಿಗೆ ಈಗ ತೂಕ ಇಲ್ಲ. ನಾನೂ ಮೂರು ಸಂಜೆ ಆ ಕಡೆ ಹೋಗಿ ಚಹಾದ ಅಂಗಡಿಯಲ್ಲಿ ಕೂತೆ. ನಿನ್ನೆ ಅವಳೇ ನೋಡಿಬಿಟ್ಟಳು. ‘ಕಾಕಾ, ಮನೀಗಿ ಹೋಗ್ರಿ, ನಿಮ್ಮನ್ನ ನೋಡಿ ಅಕೀಬಗ ಸಂಶೆ ಬಂದದ’ ಎಂದಳು.

ದಣಿದಿದ್ದೇನೆ ಧರ್ಮಾ. ಅರವತ್ತೊಂದು ವರ್ಷ ಎಲ್ಲರನ್ನೂ ನಗಿಸುತ್ತ ದಾಟಿಬಂದೆ, ಎಲ್ಲಿ ನಿಂತು ಮಾತಾಡಬೇಕಿತ್ತೋ ಅಲ್ಲೆಲ್ಲ ಒಂದು ಜೋಕು ಎಸೆದು ಮುಂದೆ ಹೋಗಿಬಿಟ್ಟೆ ಅನಿಸುತ್ತದೆ. ವೈನಿಯ ಮೊಣಕಾಲು ಬೇಗ ಬಗ್ಗಲಿ. ಆಮ್ರಪಾಲಿ ಎಲ್ಲಿದ್ದರೂ ತನ್ನ ಪೂರ್ತಿ ಹೆಸರಿನೊಂದಿಗೆ ನೂರು ವರ್ಷ ಬಾಳಲಿ. ನೀನು ಸಿಟ್ಟು ಬಂದರೆ ಬೈಯಿ, ಸುಮ್ಮನಿರಬೇಡ.

ನಿನ್ನ
ಸುಶೀಲೇಂದ್ರ

ತಾ.ಕ.: ನಮ್ಮ ಮನೆಯ ಮೇಲಿನ ಖೋಲಿ ಮಾರ್ಚಿನಿಂದ ಖಾಲಿ ಇದೆ. ಬೇರೆ ಮೆಟ್ಟಿಲು, ಬೇರೆ ನಳ. ನೀನು ಓಣಿ ನೋಡು ಎಂದ ದಿನವೇ, ಊಟಕ್ಕೆ ಕೂತಾಗ, ಅನುಜಾ ‘ಅಲ್ರೀ, ಊರೆಲ್ಲಾ ಯಾಕ ತಿರುಗ್ತೀರಿ? ನಮ್ಮ ಮ್ಯಾಲೇ ಇರ್ಲಿ ಹುಡುಗಿ’ ಎಂದಳು. ನಿನ್ನೆದುರು ನಾನು ‘ನನ್ನ ಹೆಂಡತಿ ಮಡಿಹೆಂಗಸು’ ಎಂದು ಚೇಷ್ಟೆ ಮಾಡುತ್ತೇನಲ್ಲ, ಅದೇ ಅನುಜಾ. ನಾನು ಮೊಸರು ಹಾಕು ಅಂದೆ. ಖೋಲಿ ಖಾಲಿ ಇರುವುದು ನಿನಗೂ ಗೊತ್ತಿತ್ತು, ಏಪ್ರಿಲ್‌ನಲ್ಲಿ ಬಂದಾಗ ಮೇಲೆ ಹತ್ತಿ ನೋಡಿದ್ದೀ. ಆದರೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಮರುಪತ್ರದಲ್ಲಿ ಬರೆಯಬೇಡ. ನನಗೆ ಗೊತ್ತಾಗಿದೆ.