ಪ್ರಾಸ ಮುರಿದ ಆಮೆಮರಿ

ಅಕ್ಕಾ,

ನೀನು ಗಾಜಿನ ಬಾಗಿಲಿನ ಆಚೆ ಮಲಗಿದ್ದೀಯ. ನಾನು ಈಚೆ, ಕಬ್ಬಿಣದ ಬೆಂಚಿನ ಮೇಲೆ ಕೂತು, ಚಿತ್ರ ಬರೆಯುವ ಹಾಳೆಯ ಹಿಂಬದಿಗೆ ಇದನ್ನು ಬರೆಯುತ್ತಿದ್ದೇನೆ. ಒಳಗೆ ಬಿಡುವುದು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ನಡುವಿನ ಹೊತ್ತನ್ನು ಏನು ಮಾಡಬೇಕೋ ತಿಳಿಯದು. ಮೊದಲ ಸಲ ಮೆದುಳಿನ ರಕ್ತನಾಳ ಒಡೆದಾಗಲೇ ನಿನ್ನ ಓದು ಹೋಗಿತ್ತು, ಈಗಂತೂ ಕಣ್ಣೇ ತೆರೆಯುತ್ತಿಲ್ಲ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಈ ವರಾಂಡದಲ್ಲೇ ಕಿರುಚಿಬಿಡುತ್ತೇನೆ.

ನಿನ್ನ ಒಂದನೇ ಕ್ಲಾಸಿನ ಮಕ್ಕಳಿಗೆಂದು ನೀನು ಆ ಕಥನ ಕವನ ಕಟ್ಟಿದ್ದು, ನಾನು ಅದಕ್ಕೆ ಚಿತ್ರ ಬರೆದದ್ದು, ನಮ್ಮಿಬ್ಬರ ಬದುಕಿನ ಒಳ್ಳೆಯ ದಿನಗಳು ಅವು.

ಆಮೆಯ ಮರಿಗೂ ಅವಸರವಾಯ್ತು,
ಕಡಲನು ಕಾಣುವ ಮನಸೂ ಆಯ್ತು.

"ಆಮೆಗೆ ಅವಸರ ಅಂದ್ರೇನೇ ತಮಾಷೆ ಕಣೇ, ಮೊದಲ ಸಾಲಿಗೇ ಮಕ್ಕಳು ನಗಬೇಕು" ಅಂದಿದ್ದೆ ನೀನು. ಪ್ರಾಸ ಎಂದರೆ ಮೆಟ್ಟಿಲ ಪಕ್ಕದ ಕಂಬಿ, ಕಣ್ಣು ಮುಚ್ಚಿದರೂ ಮಗು ಅದನ್ನು ಹಿಡಿದು ಇಳಿಯುತ್ತದೆ ಎನ್ನುತ್ತಿದ್ದೆ. ಮರಿಗೆ ದಾರಿಯಲ್ಲಿ ಯಾರೇ ಸಿಗಲಿ, ಕೇಳುವ ಪ್ರಶ್ನೆ ಒಂದೇ: "ಹೋಗುವೆಯೋ ಮರಿ, ನಿಲ್ಲುವೆಯೋ?" ಮರಿಯ ಉತ್ತರವೂ ಒಂದೇ: "ಹೋಗುವೆ." ಅಷ್ಟು ಸಲ ಅದೇ ಯಾಕೆ ಎಂದು ಕೇಳಿದರೆ, "ಮುಂದೇನು ಬರುತ್ತೆ ಅಂತ ಗೊತ್ತಿದ್ರೇನೇ ಮಕ್ಕಳಿಗೆ ಧೈರ್ಯ" ಅಂದೆ. ಹೊಳೆ ಬರುವ ಕಡೆ ನಾನು "ಕಿಟಕಿಯ ಹಾಗೆ" ಎಂದು ಸೂಚಿಸಿದೆ. ನೀನು ಒಪ್ಪಲಿಲ್ಲ. "ಹಾಗೆ ಹೀಗೆ ಎಲ್ಲ ಕಿತ್ತಾಕು. ಹೊಳೆ ಕಿಟಕಿ ಹಾಗಿಲ್ಲ, ಹೊಳೆಯೇ ಕಿಟಕಿ. ದೊಡ್ಡೋರಿಗೆ ಉಪಮೆ ಬೇಕು, ಮಕ್ಕಳಿಗೆ ಬೇಡ."

ಹೊಳೆಯೋ ಥಳಥಳ ಕರಗಿದ ಕಿಟಕಿ,
ಮೀನಿನ ಮರಿಗಳು ಒಳಗಿಂದಿಣುಕಿ.

ಹೊಳೆಯೇ ಕಿಟಕಿ ಎಂಬ ಆ ಮಾತು ನಮ್ಮ ತಲೆಯ ಮೇಲೇ ಬಂದು ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು? ಪಾಠ ಮಾಡುತ್ತಿದ್ದವಳು ನೀನು ಕರಿಹಲಗೆಯ ಮುಂದೆಯೇ ಕುಸಿದೆ. ಎಚ್ಚರವಾದಾಗ ಮಾತು ಇರಲಿಲ್ಲ. ಭಾವನ ಹೆಸರಿಲ್ಲ, ನನ್ನ ಹೆಸರಿಲ್ಲ, ನೀರು, ಅನ್ನ ಯಾವುದೂ ಇಲ್ಲ. ನೀನು "ಕಿಟಕಿ, ಕಿಟಕಿ" ಎಂದು ಗೋಗರೆಯುತ್ತಿದ್ದೆ, ನರ್ಸಮ್ಮ ಪಾಪ ಓಡಿ ಓಡಿ ಕಿಟಕಿ ತೆರೆಯುತ್ತಿದ್ದಳು. ನಿನ್ನ ತುಟಿ ಒಡೆದು ರಕ್ತ ಬಂದಿತ್ತು. ನಾನು ಬಂದು ನೋಡಿ, ಹೊಳೆಯ ಚಿತ್ರ ನೆನಪಾಗಿ, ನೀರಿನ ಲೋಟ ಹಿಡಿದೆ. ಗಟಗಟ ಕುಡಿದು ನನ್ನ ಕೈ ಹಿಡಿದು ಅತ್ತೆಯಲ್ಲ, ಆ ಅಳು ಇನ್ನೂ ಕಿವಿಯಲ್ಲಿದೆ. ಆಮೇಲೆ ಒಂದೊಂದೇ ತಿಳಿಯಿತು. ಇಂಜೆಕ್ಷನ್ ಎಂದರೆ "ಮುಳ್ಳಿನ ಮುತ್ತು." ದೀಪ ಎಂದರೆ "ಕಂಬಕೆ ಕಟ್ಟಿದ ಹಗಲು." ನಿನ್ನ ಮಾತಿನ ಮನೆಯೆಲ್ಲ ಕುಸಿದು ಆ ಕವನದ ಕೋಣೆ ಮಾತ್ರ ಉಳಿದಿತ್ತು. ದರ್ಜಿ ಭಾವ ಅಂಗಡಿ ಮುಚ್ಚಿ ಬಂದು, ನಿನ್ನನ್ನು ಅರ್ಥ ಮಾಡಿಕೊಳ್ಳಲೆಂದು ಮಗುವಿನ ಹಾಗೆ ಅದನ್ನು ಬಾಯಿಪಾಠ ಮಾಡಿದರು.

ಮಾತು ಕಲಿಸುವ ಮೇಡಂ ಒಂದು ದಾರಿ ತೋರಿಸಿದರು. ಸಾಲು ಹೇಳುವುದು, ಕೊನೆಯ ಪದ ಬಿಡುವುದು. "ಒಳಗಿಂದ..." ಎಂದು ನಿಲ್ಲಿಸಿದರೆ ನೀನು "ಇಣುಕಿ" ಅನ್ನುತ್ತಿದ್ದೆ. ಪ್ರಾಸ ನಿನ್ನ ಬಾಯೊಳಗೆ ಕೈಹಾಕಿ ಪದವನ್ನು ಎಳೆದು ತರುತ್ತಿತ್ತು.

ಆಗಲೇ ದೊಡ್ಡ ಡಾಕ್ಟರು ಆ ಸ್ಕ್ಯಾನ್ ತೋರಿಸಿದ್ದು. ತಲೆಯೊಳಗೆ ಇನ್ನೊಂದು ರಕ್ತನಾಳ ಉಬ್ಬಿದೆ, ಯಾವಾಗ ಬೇಕಾದರೂ ಒಡೆಯಬಹುದು. ಆಪರೇಷನ್ ಮಾಡಿದರೆ ಉಳಿದಿರುವ ಮಾತೂ ಹೋಗಬಹುದು, ಜೀವವೂ ಹೋಗಬಹುದು. "ಅವರ ಮನಸ್ಸು ತಿಳೀದೆ ನಾನು ಕೈ ಹಾಕಲ್ಲ" ಎಂದರು. ಮಾಡಿಸ್ಕೋತೀರಾ ಎಂದು ಕೇಳಿದರೆ ನೀನು "ಹೂಂ" ಅಂದೆ. ಬೇಡ್ವಾ ಎಂದರೆ ಅದಕ್ಕೂ "ಹೂಂ" ಅಂದೆ.

ನಿನಗೆ ಆಪರೇಷನ್ ಆಗಲೇಬೇಕು ಎಂದು ಭಾವನಿಗೆ ಆಸೆ. ನನಗೂ ಅಷ್ಟೇ. ಅದಕ್ಕೇ ನಿನ್ನದೇ ಲಯದಲ್ಲಿ ಎರಡು ಸಾಲು ಕಟ್ಟಿ ತಂದೆ. ಡಾಕ್ಟರು, ಮೇಡಂ, ಭಾವ ಎಲ್ಲರೂ ಮಂಚದ ಸುತ್ತ ನಿಂತಿದ್ದರು. ಸ್ಕ್ಯಾನ್ ತೋರಿಸಿ, ನಿನ್ನ ತಲೆ ಮುಟ್ಟಿ, ಏನು ಕೇಳುತ್ತಿದ್ದೇವೆ ಎಂದು ಮೇಡಂ ನಿನಗೆ ನಿಧಾನವಾಗಿ ತಿಳಿಸಿದರು. ಆಮೇಲೆ ನಾನು ಹೇಳಿದೆ:

ಬಾಗಿಲು ತೆರೆದಿದೆ, ಒಳಗಡೆ ಸಾಗು,
ಹೆದರದೆ ಆಮೆಯ ಮರಿಯೇ...

"ಹೋಗು" ಎನ್ನದೆ ಬೇರೆ ದಾರಿಯೇ ಇರಲಿಲ್ಲ. ಪ್ರಾಸ ಅತ್ತಲೇ ಎಳೆಯುತ್ತಿತ್ತು, ಇಡೀ ಕವನವೂ ಅತ್ತಲೇ ನಡೆದಿತ್ತು. ನೀನು ನನ್ನ ಮುಖ ನೋಡಿದೆ. ಕತ್ತಿನ ನರ ಬಿಗಿದು, ಬೆವರಿ, ಗುಡ್ಡ ಹತ್ತುವವಳಂತೆ ಏದುಸಿರು ಬಿಟ್ಟು ಹೇಳಿದೆ: "ನಿಲ್ಲು."

ನನಗೆ ನಂಬಿಕೆ ಬರಲಿಲ್ಲ. ಮತ್ತೆ ಹೇಳಿದೆ. ಮತ್ತೆ "ನಿಲ್ಲು." ಆಗ ಮೇಡಂ ಉಲ್ಟಾ ಕೇಳಿ ಎಂದರು. ನಿಂತಲ್ಲೇ ಇನ್ನೆರಡು ಸಾಲು ಕಟ್ಟಿದೆ:

ದಾರಿಯ ತುಂಬಾ ಚೂಪಿನ ಕಲ್ಲು,
ಆಮೆಯ ಮರಿಯೇ ಇಲ್ಲಿಯೆ...

ನೀನು "ನಿಲ್ಲು" ಎಂದೆ. ಈ ಸಲ ಉಸಿರುಗಟ್ಟಲಿಲ್ಲ, ಸಲೀಸಾಗಿ ಬಂತು.

ಮೇಡಂ ಡಾಕ್ಟರ ಕಡೆ ತಿರುಗಿ ಹೇಳಿದರು: "ಪ್ರಾಸ ಎಳೆದ ಕಡೆ ಹೋಗಿದ್ರೆ ನಾನು ನಂಬ್ತಿರಲಿಲ್ಲ ಸಾರ್. ಮುರ್ಕೊಂಡು ಬಂದು ಹೇಳಿದಾರೆ. ಅದು ಅವರದೇ ಮಾತು."

ಭಾವ ನನ್ನ ಮೇಲೆ ಕೆಂಡವಾದರು. "ಹಾಡು ಕಟ್ಟಿ ಹೆಂಡತಿ ಪ್ರಾಣದ ಜೊತೆ ಆಟ ಆಡ್ತೀಯೇನೇ?" ಎಂದು ವಾರ್ಡಿನಲ್ಲೇ ಕೂಗಿದರು. ನೀನು ಅವರ ಅಂಗಿಯ ತುದಿ ಹಿಡಿದು ಎಳೆದೆ, ಮನೆಗೆ ನಡಿ ಎನ್ನುವವಳ ಹಾಗೆ.

ಮನೆಗೆ ಬಂದೆವು. ನೀನು ಹೊಲಿಗೆ ಮಿಷನ್ನಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದೆ. ಒಂದು ಮಧ್ಯಾಹ್ನ ಭಾವ ತಲೆಯೆತ್ತದೆ ಹೊಲಿಯುತ್ತಿದ್ದಾಗ "ಸೂಜಿ" ಅಂದೆ. ಕವನದಲ್ಲಿ ಎಲ್ಲೂ ಇಲ್ಲದ ಪದ! ಭಾವ ಕಾಲು ನಿಲ್ಲಿಸಿ ನಿನ್ನನ್ನೇ ನೋಡಿದರು. ಆಮೇಲೆ ಬೇರೆ ಬೇರೆಯವೂ ಬಂದವು: ಗುಂಡಿ, ಜೇಬು, ಸೆಕೆ, ಸಾಕು. ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ ಒಂದೊಂದು ಪದವನ್ನೂ ಬರಮಾಡಿಕೊಂಡೆವು. ನೀನು ಯಾಕೆ ನಿಂತೆ ಎಂದು ಆ ದಿನಗಳಲ್ಲಿ ನನಗೆ ಅರ್ಥವಾದಂತಿತ್ತು.

ಮೊನ್ನೆ ಬೆಳಗ್ಗೆ ತಲೆ ಬಾಚಿಸಿಕೊಳ್ಳುತ್ತಿದ್ದ ಹಾಗೇ ನನ್ನ ಮಡಿಲಿಗೆ ವಾಲಿದೆ. ಅವರು ಹೇಳಿದ ನಾಳವೇ ಒಡೆದದ್ದು. ಈಗ ಆಪರೇಷನ್ ಮಾಡಲೂ ಆಗುವುದಿಲ್ಲವಂತೆ. ಕಾಯಬೇಕಂತೆ. ಅಂದು ಮಾಡಿಸಿದ್ದರೆ ಬದುಕುತ್ತಿದ್ದೆಯೋ, ಅಂದೇ ಹೋಗುತ್ತಿದ್ದೆಯೋ, ಯಾರೂ ಹೇಳುವುದಿಲ್ಲ. ಕೇಳಿದವರನ್ನೇ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಡಾಕ್ಟರು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ.

ಇವತ್ತು ಬೆಳಗ್ಗೆ ಒಳಗೆ ಹೋದಾಗ ನಾನು ಮಂಚದ ಕಾಲ ಬಳಿ ನಿಂತೆ. ಭಾವ ಕೂತು ಮಾತಾಡಿದರು. ಅವರಿಗೆ ಲಯ ಗೊತ್ತಿಲ್ಲ, ರೂಪಕ ಗೊತ್ತಿಲ್ಲ. "ಎದುರು ಮನೆಯೋರು ಬಣ್ಣ ಹೊಡೆಸ್ತಿದಾರೆ. ಹಸಿರಂತೆ. ಚೆನ್ನಾಗಿಲ್ಲ ಕಣೇ. ನೀನೇ ಬಂದು ಹೇಳು ಅವರಿಗೆ, ನನ್ನ ಮಾತು ಕೇಳಲ್ಲ" ಎಂದರು. ಅಷ್ಟು ಹೇಳಿ ನಿನ್ನ ಹೊದಿಕೆಯ ಬಿಚ್ಚಿದ ಅಂಚನ್ನು ಬೆರಳಿನಿಂದ ಮಡಿಸಿ ಮಡಿಸಿ ಒತ್ತುತ್ತಾ ಕೂತರು. ಹೊತ್ತಾಯಿತು ಎಂದು ನರ್ಸಮ್ಮ ಹೇಳಿದರೂ ಏಳಲಿಲ್ಲ. ಅವರ ತೋಳು ಹಿಡಿದು ಹೊರಗೆ ಕರೆತಂದವಳು ನಾನೇ. ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ನಿಂಗೆ ಅವತ್ತು ಬೈದೆ" ಎಂದರು.

ಸಂಜೆ ಮತ್ತೆ ಬಾಗಿಲು ತೆರೆಯುತ್ತಾರೆ. ನಾವಿಬ್ಬರೂ ಬರುತ್ತೇವೆ.

ಹರಸುವುದು ದೊಡ್ಡವಳಾದ ನಿನ್ನ ಹಕ್ಕು, ಗೊತ್ತು. ಆದರೂ ನಿನ್ನ ತಲೆಯ ಮೇಲೆ ಕೈಯಿಟ್ಟು ಕೇಳಿಕೊಳ್ಳುತ್ತೇನೆ: ನಿನಗೆ ನೋವಾಗದಿರಲಿ. ಎಷ್ಟು ದಿನವಿದ್ದರೂ ಅಷ್ಟೂ ದಿನ ನಿನ್ನದಾಗಿರಲಿ.

ನಿನ್ನ ಬೆನ್ನಿಗೆ ಬಿದ್ದವಳು,
ತಂಗಿ