ಮೂವರು ಎಮ್ರಿಸ್ ಎವನ್ಸ್

ಟ್ರೆಗಾರನ್, ವೇಲ್ಸ್
ಮಂಗಳವಾರ

ಅಕ್ಕಾ,

ನಿನ್ನೆ ಅರ್ಧ ದಿನ ಊರವರೆಲ್ಲ ನಿನ್ನ ತಂಗಿಯನ್ನು ವಿಧವೆ ಮಾಡಿಬಿಟ್ಟಿದ್ದರು! ಹೆಸರಾಂತ ಎಮ್ರಿಸ್ ಎವನ್ಸ್ ತೀರಿಕೊಂಡರೆಂದು ಬೆಳಿಗ್ಗೆ ರೇಡಿಯೋದಲ್ಲಿ ಬಂತು. ಇಲ್ಲಿ ಆ ಹೆಸರಿನ ಪ್ರಸಿದ್ಧರು ಮೂವರಿದ್ದಾರೆ. ಒಬ್ಬರು ಗಾಯಕರು, ಒಬ್ಬರು ಹೃದಯದ ಡಾಕ್ಟರು, ಇನ್ನೊಬ್ಬರು ರಗ್ಬಿ ಆಡುತ್ತಿದ್ದ ನಮ್ಮವರು. ಹೋದದ್ದು ಪಾಪ, ಗಾಯಕರು. ಆದರೆ ಅಕ್ಕಪಕ್ಕದವರು, ಸಾವಿನ ಮನೆಗೆ ಒಯ್ಯುವ ಇಲ್ಲಿನ ರೂಢಿಯಂತೆ, ಕೇಕು ಹಿಡಿದು ಅಳುತ್ತ ನಮ್ಮ ಮನೆಗೇ ಬಂದರು.

ಮಧ್ಯಾಹ್ನ ಇವರ ಅಣ್ಣ ಇಥೆಲ್ ಬಾಗಿಲು ಬಡಿದರು. ಅಪ್ಪನ ಕುರಿಗಳನ್ನು ಬಿಟ್ಟು ಆಟಕ್ಕೆ ಹೋದನೆಂದು ತಮ್ಮನೊಡನೆ ವರ್ಷಗಟ್ಟಲೆ ಮಾತು ಬಿಟ್ಟವರು, ನಮ್ಮ ಹೊಸ್ತಿಲು ತುಳಿದವರೇ ಅಲ್ಲ. ಬಾಗಿಲು ತೆರೆದದ್ದು ಇವರೇ.

"ನೀನು ಸತ್ತಿಲ್ವೇನೋ?"

"ಇಲ್ಲ ಕಣಣ್ಣಾ. ಹೋಗಿದ್ದು ಹಾಡೋ ಎಮ್ರಿಸ್."

"ಥೂ ನಿನ್ನ! ದಾರಿಯುದ್ದಕ್ಕೂ ಅತ್ಕೊಂಡ್ ಬಂದ್ನಲ್ಲೋ!"

ಬೈಯುತ್ತಲೇ ತಮ್ಮನನ್ನು ತಬ್ಬಿಕೊಂಡರು. ಎಷ್ಟು ಹೊತ್ತಾದರೂ ಇಬ್ಬರೂ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಟೀ ಸಿಗತ್ತೇನಮ್ಮಾ?" ಎಂದರು. ನನ್ನೊಡನೆ ಅವರಾಡಿದ ಮೊದಲ ಮಾತು ಅದು. ಬಂದ ಕೇಕನ್ನೆಲ್ಲ ಅಣ್ಣತಮ್ಮಂದಿರೇ ಮುಗಿಸಿದರು.

ನನ್ನ ಮಂಡಿನೋವು ಕಡಿಮೆಯಾಗಿದೆ, ನೀನು ಕಳಿಸಿದ ಎಣ್ಣೆ ಹಚ್ಚುತ್ತಿದ್ದೇನೆ. ನಾಳೆ ಗಾಯಕರ ಅಂತ್ಯಕ್ರಿಯೆಗೆ ಹೋಗುತ್ತೇವೆ, ಇಥೆಲ್ ಭಾವನೂ ಬರುತ್ತಾರೆ. ನಿನ್ನೆ ಹೊರಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಭಾನುವಾರ ನಮ್ಮನೇಲೇ ಊಟ. ಇವನು ಬದುಕಿರೋವಾಗ್ಲೇ ಕರ್ಕೊಂಡ್ ಬಾರಮ್ಮ" ಎಂದರು.

ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ
ಸುಭದ್ರಾ